ಸಬಕಾರ ಹಚ್ಚಿದ ಟಾಕಿ

ಇಂಡಿಯಲ್ಲಿ ಅಂಜುಬುರುಕರಿಗೆ ಕಡಿಮೆಯಿಲ್ಲ. ಆದರೆ ಅಂಜಿಕೆಯಿಂದಲೇ ಹೊಟ್ಟೆ ಹೊರೆದುಕೊಂಡವನು ನನಗೆ ತಿಳಿದಂತೆ ಒಬ್ಬನೇ, ನಮ್ಮ ಓಣಿಯ ಡ್ರೈವರ್ ಶಮಶುದ್ದೀನ. ಎದುರಿಗೆ ಲಾರಿ ಬಂದರೆ ಅವನು ಡಾಂಬರು ಬಿಟ್ಟು ಕೆಳಗಿಳಿಯುತ್ತಾನೆ. ಹಿಂದಿನಿಂದ ಬಂದರೂ ಇಳಿಯುತ್ತಾನೆ. ಅವನ ಗಾಡಿಯಲ್ಲಿ ಕೂತು ಬೀಡಿ ಹಚ್ಚಿದವನು ಸ್ವಂತ ತಮ್ಮನಾದರೂ ಇಳಿದು ನಡೆಯಬೇಕು. ಗಾಡಿ ಚಾಲೂ ಮಾಡುವ ಮುನ್ನ ಅದರ ಸುತ್ತ ಮೂರು ಸಲ ತಿರುಗುತ್ತಾನೆ, ಬಗ್ಗಿ ಅಡಿಗೆ ನೋಡುತ್ತಾನೆ, ಗಾಲಿಗಳನ್ನು ಒದ್ದು ನೋಡುತ್ತಾನೆ, ಆಮೇಲೆ ಕೂರುತ್ತಾನೆ. ಬಸ್ ಸ್ಟ್ಯಾಂಡಿನ ಟಂಟಂ ಡ್ರೈವರುಗಳಿಗೆ ಇದೇ ಮೋಜು. "ಶಮಶು ಪ್ರದಕ್ಷಿಣಿ ಹಾಕಾಕತ್ತಾನ, ಯಾರರ ಪ್ರಸಾದ ಹಂಚ್ರಿ" ಎಂದು ಕೂಗುತ್ತಾರೆ. ಅವನು ತಲೆ ತಗ್ಗಿಸಿ ಮೂರನೆಯ ಸುತ್ತು ಮುಗಿಸಿಯೇ ಹತ್ತುತ್ತಾನೆ.

ಅಂಜಿಕೆ ಹೆಚ್ಚಾದರೆ ಅವನ ದನಿಯೇ ಹೊರಡುವುದಿಲ್ಲ. ನಿಕಾಹದ ದಿನ ಕಬೂಲ್ ಅನ್ನುವುದನ್ನು ಎಷ್ಟು ಮೆಲ್ಲಗೆ ಅಂದಿದ್ದನೆಂದರೆ ಕಾಜಿಗಳು ಅವನ ಬಾಯಿಗೆ ಕಿವಿ ಹಚ್ಚಬೇಕಾಯಿತಂತೆ. ಇದನ್ನು ಅವನ ಹೆಂಡತಿ ರಮಜಾನಬಿಯೇ ಇಡೀ ಓಣಿಗೆ ಹೇಳಿದ್ದಾಳೆ.

ಅವನ ಗಾಡಿ ಒಂದು ಬಿಳಿ ಅಂಬಾಸಿಡರ್, ಪೆಟ್ರೋಲಿನದು. ಚಡಚಣದ ಡಾಕ್ಟರೊಬ್ಬರು ವಯಸ್ಸಾಗಿ ಕಣ್ಣು ಮಂಜಾದಾಗ ಇವನಿಗೆ ಕೊಟ್ಟರು. ಇವನಿಗೂ ಗಾಡಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲ. ಅಪ್ಪ ಇಂಡಿ ರೋಡ್ ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದವನು. ಕುದುರೆಗೆ ಮೈ ತಿಕ್ಕಿದ ಹಾಗೇ ಮಗ ಈ ಕಾರಿಗೆ ಮೈ ತಿಕ್ಕುತ್ತಾನೆ. ಊರಿನ ಉಳಿದ ಹಳೇ ಕಾರುಗಳೆಲ್ಲ ಗುಜರಿಗೆ ಹೋದರೂ ಇದು ಮಾತ್ರ ಹೊಳೆಯುತ್ತ ಉಳಿಯಿತು.

ಇಷ್ಟು ನಗುವ ಜನ ಹೆಣ್ಣುಮಕ್ಕಳನ್ನು ಕಳಿಸುವ ಮಾತು ಬಂದರೆ ಮಾತ್ರ ಅವನ ಮನೆಯ ಬಾಗಿಲಿಗೇ ಹೋಗುತ್ತಾರೆ. ಮದುವೆಯಾದ ಮಗಳು ಗಂಡನ ಮನೆಗೆ ಹೊರಟಳೇ, ಶಮಶುದ್ದೀನನ ಗಾಡಿ. ಅದೇ ಮಗಳು ಬಸುರಿಯಾಗಿ, ಕುಬಸ ಎಂದು ನಾವು ಕರೆಯುವ ಸೀಮಂತದ ಹಸಿರು ಸೀರೆ ಉಟ್ಟು, ಚೊಚ್ಚಲ ಹೆರಿಗೆಗೆ ತವರಿಗೆ ಬರುವಳೇ, ಮತ್ತೆ ಅದೇ ಗಾಡಿ. ಹೋದ ಗಾಡಿಯಲ್ಲೇ ತಿರುಗಿ ಬಂದರೆ ಹೆರಿಗೆ ಹಗುರಾಗುತ್ತದೆ ಎಂಬುದು ನಮ್ಮ ಓಣಿಯ ಹೆಂಗಸರು ತಾವೇ ಮಾಡಿಕೊಂಡ ಪದ್ಧತಿ, ಯಾವ ಶಾಸ್ತ್ರದಲ್ಲೂ ಇಲ್ಲ. ಹಿಂದೂಗಳೂ ನಡೆಸುತ್ತಾರೆ, ಮುಸಲ್ಮಾನರೂ ನಡೆಸುತ್ತಾರೆ. ಬಸುರಿ ಹೆಂಗಸನ್ನು ಕೂರಿಸಿಕೊಂಡಾಗ ಅವನು ಗಾಡಿ ಓಡಿಸುವ ರೀತಿ ನೋಡಿದರೆ ಎತ್ತಿನ ಬಂಡಿಯವರೂ ಬೇಸತ್ತು ಮುಂದೆ ಹೋಗಬೇಕು. ನಮಗೆ ಬೇಕಾದದ್ದೂ ಅದೇ.

ನಾನು ಯಶೋಧಾ. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಅಕ್ಕ ತೀರಿಕೊಂಡಾಗ ಅವಳ ಮಗಳು ಕೋಮಲ ಇನ್ನೂ ಹಾಲು ಕುಡಿಯುವ ಕೂಸು. ನಾನು ಎತ್ತಿಕೊಂಡೆ, ಸಾಕಿದೆ, ಮುದ್ದೇಬಿಹಾಳಕ್ಕೆ ಮದುವೆ ಮಾಡಿ ಕೊಟ್ಟೆ. ಅವಳ ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದು ಈ ಬೇಸಿಗೆಯಲ್ಲಿ ಏಳು ತಿಂಗಳು ತುಂಬಿತು. ಗಂಡನ ಮನೆಯವರು ಕುಬಸಕ್ಕೆ ದಿನ ನೋಡಿ ಹೇಳಿ ಕಳಿಸಿದರು. ನನ್ನ ಖುಷಿಗಿಂತ ನನ್ನ ಭಯವೇ ದೊಡ್ಡದಾಗಿತ್ತು. ಫೋನು ಹೊಡೆದುಕೊಂಡರೆ ಸಾಕು, ಕೆಟ್ಟ ಸುದ್ದಿಯೇ ಎಂದುಕೊಳ್ಳುತ್ತಿದ್ದೆ. ಶಮಶುದ್ದೀನನ ಹತ್ತಿರ ಹೋಗಿ, "ನಮ್ಮ ಕೋಮಲನ್ನ ಕರಕೊಂಡು ಬರಬೇಕಪಾ" ಎಂದೆ.

"ಅಕ್ಕೋರ, ಗಾಡಿ ಮೈಯಾಗ ಅರಾಮ ಇಲ್ರಿ" ಎಂದ ಅವನು. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ. "ಈಗೀಗ ನಡುವ ಕೆಮ್ಮತೈತಿ. ವಾಸನಿ ಬರ್ತೈತಿ. ನನಗ ಅಂಜಿಕಿ ಆಗಾಕತ್ತೈತಿ."

"ನಿನಗ ಯಾವಾಗ ಅಂಜಿಕಿ ಆಗಿಲ್ಲ ಹೇಳು."

ಅವನು ಆ ಮಾತಿಗೆ ನಕ್ಕ. ಎರಡು ದಿನ ಗಾಡಿಯ ಅಡಿಗೇ ಮಲಗಿ ಎಲ್ಲ ಬಿಗಿ ಮಾಡಿದ. ಕುಬಸದ ಹಿಂದಿನ ದಿನ ಬೆಳಿಗ್ಗೆ ಹಸಿರು ಸೀರೆ, ಕುಬಸದ ಖಣ, ಬಳೆ, ಐದು ಥರದ ಉಂಡಿ, ಎಲ್ಲ ಡಿಕ್ಕಿಯಲ್ಲಿಟ್ಟುಕೊಂಡು ಇಬ್ಬರೂ ಹೊರಟೆವು. ಮೂರು ಸುತ್ತು ಆದ ಮೇಲೆಯೇ.

ಸಿಂದಗಿಯ ಮೇಲೆ ಹಾಯ್ದು ಹೋಗುವುದೆಂದು ಅವನೇ ನಿರ್ಧರಿಸಿದ್ದ, ಆ ರಸ್ತೆಯಲ್ಲಿ ತಗ್ಗು ಕಡಿಮೆಯೆಂದು. ಸಿಂದಗಿಯ ಬಂಕಿನಲ್ಲಿ ಟಾಕಿ ತುಂಬ ಪೆಟ್ರೋಲ್ ಹಾಕಿಸಿದ. ಪಂಪಿನ ಮೈಮೇಲೆ ಇ-20 ಎಂದು ಬರೆದಿತ್ತು. ಅದೇನೆಂದು ಕೇಳಿದೆ.

"ಕಬ್ಬಿನದ್ರಿ ಅಕ್ಕೋರ. ಕಬ್ಬಿನಿಂದ ಸ್ಪಿರಿಟ್ ತಗದು ಪೆಟ್ರೋಲಿಗೆ ಕೂಡಸ್ತಾರ. ಎಥೆನಾಲ್ ಅಂತಾರ. ಹೊಸಾ ಗಾಡಿಗೆ ಏನೂ ಆಗೂದಿಲ್ಲಂತ. ಈ ಮುದುಕಿಗೆ ಒಗ್ಗಾಕತ್ತಿಲ್ಲ."

"ಈ ವಯಸ್ಸಿನ್ಯಾಗ ಗಾಡಿ ಕುಡಿಯಾಕ ಕಲಿತು ಅನ್ನು."

ಈ ಸಲ ಅವನು ನಗಲಿಲ್ಲ. ಮೂಗು ಅರಳಿಸಿ ವಾಸನೆ ನೋಡುತ್ತಿದ್ದ. ಅವನ ಮುಖ ನೋಡಿ ನಾನೂ ವಾಸನೆ ನೋಡಿದೆ. ಆಗ ಏನೂ ತಿಳಿಯಲಿಲ್ಲ.

ದೇವರ ಹಿಪ್ಪರಗಿ ದಾಟಿದ ಮೇಲೆ ಗಾಡಿ ಮುಗ್ಗರಿಸತೊಡಗಿತು. ಹತ್ತು ಮಾರು ಓಡುವುದು, ಕೆಮ್ಮುವುದು, ಮತ್ತೆ ಓಡುವುದು. ಆಮೇಲೆ ಕಾಲ ಬುಡದಿಂದ ಪೆಟ್ರೋಲಿನ ವಾಸನೆ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಕಣ್ಣು ಉರಿಯುವಷ್ಟು. ನಾನು ಹೇಳುವುದರೊಳಗೆ ಅವನು ಗಾಡಿ ಬದಿಗೆ ನಿಲ್ಲಿಸಿ, ಚಾವಿ ಕಿತ್ತು, ನನ್ನ ಕೈ ಹಿಡಿದು ಇಳಿಸಿ, ದೂರದ ಜಾಲಿ ಗಿಡದ ಕೆಳಗೆ ನಿಲ್ಲಿಸಿದ. ತಾನೂ ಅಲ್ಲೇ ನಿಂತ. ಸುತ್ತ ತೊಗರಿ ಕೊಯ್ದ ಕರಿ ಹೊಲ, ಬಿಸಿಲು, ನಡುವೆ ಆ ಬಿಳಿ ಗಾಡಿ. ಇಬ್ಬರೂ ಅದನ್ನು ನೋಡುತ್ತ ನಿಂತೆವು, ಯಾವ ಕ್ಷಣ ಭಗ್ ಅನ್ನುತ್ತದೋ ಎಂದು. ನಾಳೆ ಇದೇ ಗಾಡಿಯ ಹಿಂದಿನ ಸೀಟಿನಲ್ಲಿ ನನ್ನ ಕೋಮಲ ಕೂರುತ್ತಾಳೆ ಎಂಬುದು ಆಗ ನೆನಪಾಯಿತು.

ಇಂಜಿನ್ ಆರಿದ ಮೇಲೆ ಅವನು ಮೆಲ್ಲಗೆ ಹೋಗಿ ಬಾನೆಟ್ ಎತ್ತಿದ. ಪೆಟ್ರೋಲ್ ತರುವ ರಬ್ಬರಿನ ಪೈಪು ಉಬ್ಬಿ, ತುದಿಯಲ್ಲಿ ಸೀಳು ಬಿಟ್ಟು ಹನಿಯುತ್ತಿತ್ತು. ಕೆಟ್ಟ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಸಿಕ್ಕಿಸಿ, ಬಿಗಿದ. ಅಲ್ಲಿಂದ ಬಸವನ ಬಾಗೇವಾಡಿಯ ತನಕ ನಾನು ಬಾಗಿಲಿನ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೆ, ಜಿಗಿಯಬೇಕಾದರೆ ಜಿಗಿಯಬೇಕೆಂದು.

ಬಾಗೇವಾಡಿಯಲ್ಲಿ ಅವನಿಗೆ ಗುರುತಿನ ಮಿಸ್ತ್ರಿ ಅಯೂಬ ಇದ್ದ. ಆ ಪೈಪನ್ನು ಕೈಯಲ್ಲಿ ಹಿಡಿದು ಒತ್ತಿದ. ಬೆರಳು ಒಳಗಿಳಿಯಿತು.

"ಹಳೇ ರಬ್ಬರ್ ಈ ಪೆಟ್ರೋಲಿಗೆ ತಡಿಯೂದಿಲ್ಲ ಚಾಚಾ. ಉಬ್ಬತೈತಿ, ಮೆತ್ತಗಾಗತೈತಿ, ಒಂದಿನ ಸೀಳತೈತಿ. ಸ್ಪಿರಿಟಿನ ಗುಣಾನ ಹಂಗ. ಪೆಟ್ರೋಲಿಗೆ ಕರಗಲಾರದ್ದನ್ನೂ ಅದು ಕರಗಸ್ತೈತಿ."

ಅವನು ಹೊಸ ಥರದ ಪೈಪು ಹಾಕಿದ. ಕಾರ್ಬೊರೇಟರ್ ಬಿಚ್ಚಿದರೆ ಅದರೊಳಗೆ ಚಹಾದ ಗಸಿಯಂಥ ಕಂದು ಕೆಸರು.

"ಟಾಕಿಯೊಳಗಿನ ಹಳೇ ತುಕ್ಕೆಲ್ಲ ಕಿತ್ತಕೊಂಡು ಬರಾಕತ್ತೈತಿ ನೋಡ್ರಿ. ತಿರುಗಿ ಬರೂಮುಂದ ಇಲ್ಲಿ ನಿಲ್ಲಸ್ರಿ, ಟಾಕಿ ಇಳಿಸಿ ನೋಡೂಣು" ಎಂದ. ಶಮಶುದ್ದೀನ ಇಂಥ ಮಾತನ್ನು ತಪ್ಪದೆ ಪಾಲಿಸುವವನು. ಹೂಂ ಅಂದ. ವಾಸನೆ ಹೋಯಿತು, ಕೆಮ್ಮು ನಿಂತಿತು, ಸಂಜೆಗೆ ಮುದ್ದೇಬಿಹಾಳ ಮುಟ್ಟಿದೆವು.

ಕೋಮಲ ಬಾಗಿಲಿಗೆ ಬಂದಳು. ಹೊಟ್ಟೆ ತುಂಬಿ, ಮುಖ ತುಂಬಿ, ನಡಿಗೆ ಬದಲಾಗಿತ್ತು. "ಚಿಗವ್ವಾ, ಎಷ್ಟ ಸೊರಗೀದಿ" ಎಂದು ನನ್ನ ಕೆನ್ನೆ ಹಿಡಿದಳು. ದಾರಿಯ ಸಂಗತಿ ನಾನು ಅವಳಿಗೆ ಹೇಳಲಿಲ್ಲ. ರಾತ್ರಿ ಅವಳ ಮಗ್ಗುಲಲ್ಲಿ ಮಲಗಿದಾಗ ಕೂಸು ಒದ್ದದ್ದು ನನ್ನ ಕೈಗೆ ತಿಳಿಯಿತು. ದೇವರೇ, ಇದೊಂದು ನೆಟ್ಟಗೆ ಮನೆ ಸೇರಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಶಮಶುದ್ದೀನ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಹೆಗಲ ಮೇಲಿನ ಟವೆಲಿನಿಂದ ಟಾಕಿಯ ಅಡಿಯನ್ನು ಒರೆಸುತ್ತಿದ್ದ. ಅಂಬಾಸಿಡರಿನ ಟಾಕಿ ಡಿಕ್ಕಿಯ ಕೆಳಗೆ ಇರುತ್ತದೆ. ಅದರ ಬೆಸುಗೆಯ ಸಾಲಿನಲ್ಲಿ ಒಂದು ಹನಿ ಹುಟ್ಟುತ್ತಿತ್ತು, ದಪ್ಪಗಾಗುತ್ತಿತ್ತು, ಕೆಳಗೆ ಅಂಗಳದ ಫರಸಿ ಕಲ್ಲಿನ ಮೇಲೆ ಬೀಳುತ್ತಿತ್ತು. ಎಷ್ಟೋ ವರ್ಷ ಆ ತೂತನ್ನು ಮುಚ್ಚಿಕೊಂಡಿದ್ದ ತುಕ್ಕೇ ಕಿತ್ತುಹೋಗಿತ್ತು. "ಇದರಾಗ ಆಕಿನ್ನ ಕುಂಡ್ರಸಾಕ ನಾ ಒಲ್ಲೆ" ಎಂದೆ.

ವಿಚಿತ್ರವೆಂದರೆ ಅವನು ಅಂಜಿರಲಿಲ್ಲ. "ಇದಕ್ಕ ಮದ್ದು ಐತ್ರಿ ಅಕ್ಕೋರ. ಅರ್ಧಾ ಸಬಕಾರ ಬೇಕು, ಅಷ್ಟ."

ನಾವು ಸೋಪಿಗೆ ಸಬಕಾರ ಎನ್ನುತ್ತೇವೆ. ಟಾಕಿ ತೂತಾದರೆ ಬಟ್ಟೆ ಒಗೆಯುವ ಸಬಕಾರವನ್ನು ನಾದಿ ಮೆತ್ತುವುದು ಇಲ್ಲಿನ ಹಳೇ ಡ್ರೈವರುಗಳೆಲ್ಲ ಬಲ್ಲ ಮದ್ದು. ಸಬಕಾರ ನೀರಿಗೆ ಕರಗುತ್ತದೆ, ಪೆಟ್ರೋಲಿಗೆ ಕರಗುವುದಿಲ್ಲ. ಹಾಗೆ ಮೆತ್ತಿಕೊಂಡು ವರ್ಷಗಟ್ಟಲೆ ಓಡಿದ ಗಾಡಿಗಳನ್ನು ನಾನೇ ಕಂಡಿದ್ದೇನೆ. ಲಾರಿಗೆ, ಗಾಳಿಗೆ, ಆಕಳಿಗೆ ಅಂಜುವ ಮನುಷ್ಯ ದೇವರನ್ನು ಬಿಟ್ಟರೆ ಕಣ್ಣು ಮುಚ್ಚಿ ನಂಬುತ್ತಿದ್ದದ್ದು ಸಬಕಾರವನ್ನು. ಕೋಮಲಳ ಅತ್ತೆ ಯಲ್ಲವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಸಬಕಾರವನ್ನು ಮುರಿದು ಅರ್ಧ ಕೊಟ್ಟಳು. "ಗಾಡಿಗೂ ಜಳಕಾ ಮಾಡಸ್ತಾರೇನು ಇವರು" ಎಂದು ನನ್ನ ಕಡೆ ನೋಡಿ ನಕ್ಕಳು. ಅವನು ಅದನ್ನು ಕಣಕದಂತೆ ನಾದಿ, ತೂತಿನ ಮೇಲೆ ಒತ್ತಿ, ಹೆಬ್ಬೆರಳಿನಿಂದ ಸವರಿದ. ಹನಿ ನಿಂತಿತು. ಚಹಾ ಕುಡಿದು ಬಂದು ನೋಡಿದ, ಒಣಗಿತ್ತು. ನನ್ನನ್ನೂ ಬಗ್ಗಿಸಿ ತೋರಿಸಿದ. ನನ್ನ ಉಸಿರು ಕೆಳಗಿಳಿಯಿತು.

ಆ ದಿನ ಬಿಸಿಲು ಬೆಂಕಿಯಂತಿತ್ತು. ಮನೆಯ ಮುಂದಿನ ಫರಸಿ ಹಾಸಿದ ಅಂಗಳದಲ್ಲಿ ಟಾಕಿ ತುಂಬಿದ ಗಾಡಿ ಇಡೀ ಹಗಲು ಕಾಯ್ದಿತು. ಒಳಗೆ ಕುಬಸ ನಡೆಯಿತು. ಹಸಿರು ಸೀರೆ ಉಡಿಸಿದರು, ಖಣದ ಕುಬಸ ತೊಡಿಸಿದರು, ಉಡಿ ತುಂಬಿದರು, ಹೆಂಗಸರು ಹಾಡಿದರು. ಬಾಣಂತನದ ಮಾತು ತೆಗೆದು ಕೋಮಲಳ ಮುಖ ಕೆಂಪಗೆ ಮಾಡಿದರು. ನಾನೂ ಎರಡು ತುತ್ತು ಹೆಚ್ಚಿಗೇ ಉಂಡೆ. ಶಮಶುದ್ದೀನ ಪಡಸಾಲೆಯ ಮೂಲೆಯಲ್ಲಿ ಉಂಡು, ಅಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಬಿಸಿಲು ಇಳಿದ ಮೇಲೆ ಹೊರಡಬೇಕೆಂದು ಎಲ್ಲರೂ ಅಂಗಳಕ್ಕೆ ಬಂದರು. ಕೋಮಲಳನ್ನು ಅವಳ ಗಂಡ ಪ್ರೇಮಕುಮಾರ ಕೈ ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದ. ಅವಳ ಮಡಿಲ ತುಂಬ ಅಕ್ಕಿ, ಉತ್ತತ್ತಿ, ಬಟ್ಟಲಡಿಕೆ. ನಾನು ಇನ್ನೊಂದು ಕಡೆಯಿಂದ ಹತ್ತಿ ಅವಳ ಮಗ್ಗುಲಿಗೆ ಕೂತೆ. ಬಾಗಿಲು ಹಾಕಿದರು. ಓಣಿಯ ಹೆಂಗಸರೆಲ್ಲ ಗಾಡಿಯ ಸುತ್ತ ನೆರೆದಿದ್ದರು. ಒಳಗೆ ಮಲ್ಲಿಗೆ, ಊದಿನಕಡ್ಡಿ, ಹೊಸ ಸೀರೆ, ಇವುಗಳ ವಾಸನೆ. ಅವುಗಳ ಅಡಿಯಿಂದ ಇನ್ನೊಂದು ವಾಸನೆಯೂ ಬಂದ ಹಾಗಾಯಿತು. ನಿನ್ನೆಯಿಂದ ನನ್ನ ಮೂಗಿನಲ್ಲಿ ಅದೇ ಉಳಿದಿದೆ ಎಂದುಕೊಂಡೆ.

ಯಲ್ಲವ್ವ ಒಳಗಿನಿಂದ ತೆಂಗಿನಕಾಯಿ ಹಿಡಿದು ಬಂದಳು. ಬಸುರಿ ಸೊಸೆ ಗಾಡಿ ಹತ್ತಿದ ಮೇಲೆ ಕಾಯಿಯ ಮೇಲೆ ಕರ್ಪೂರ ಹಚ್ಚಿ, ಗಾಡಿಯನ್ನು ಪೂರ್ತಿ ಒಂದು ಸುತ್ತು ಹಾಕಿ, ದೃಷ್ಟಿ ತೆಗೆದು, ಮುಂದಿನ ಗಾಲಿಯ ಹತ್ತಿರ ಕಾಯಿ ಒಡೆಯಬೇಕು. ಎಲ್ಲ ಮನೆಗಳಲ್ಲಿ ಮಾಡುವುದೇ. ಅವಳು ಬಾನೆಟ್ಟಿನ ಮುಂದೆ ನಿಂತು ಕರ್ಪೂರಕ್ಕೆ ಕಡ್ಡಿ ಗೀರಿದಳು. ಗಾಳಿಯಿರಲಿಲ್ಲ, ಉರಿ ನೆಟ್ಟಗೆ ಎದ್ದಿತು.

ಅದೇ ಹೊತ್ತಿಗೆ ಶಮಶುದ್ದೀನ ತನ್ನ ಮೂರು ಸುತ್ತು ಶುರು ಮಾಡಿದ್ದ. ಯಾರೋ ಹೆಂಗಸು, "ಅತ್ತಿ ಒಂದ ಸುತ್ತು, ಡ್ರೈವರ ಮೂರು ಸುತ್ತು" ಎಂದಳು, ಎಲ್ಲರೂ ನಕ್ಕರು. ನಾನು ಹೊರಳಿ ಹಿಂದಿನ ಗಾಜಿನಲ್ಲಿ ನೋಡಿದೆ. ಅವನು ಡಿಕ್ಕಿಯ ಹಿಂದೆ ಬಗ್ಗಿದ. ಕಾಣದಾದ. ಆಮೇಲೆ ಎದ್ದ.

ಅವನ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಬಣ್ಣವೇ ಇರಲಿಲ್ಲ. ಬಾಯಿ ತೆರೆದಿತ್ತು, ತುಟಿ ಆಡುತ್ತಿದ್ದವು, ದನಿ ಮಾತ್ರ ಇಲ್ಲ. ಏನೋ ಹೇಳುತ್ತಿದ್ದಾನೆ ಎಂದು ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಆಗ ಆ ವಾಸನೆ ಸೀಟಿನ ಹಿಂದಿನಿಂದ ಒಮ್ಮೆಲೇ ಬಂತು. ಅದು ನಿನ್ನೆಯದಾಗಿರಲಿಲ್ಲ.

ಯಲ್ಲವ್ವ ಕೋಮಲಳ ಕಿಟಕಿಯ ಹತ್ತಿರ ಬಂದು ನಿಂತಿದ್ದಳು. ಉರಿಯುವ ಕಾಯಿಯನ್ನು ಸೊಸೆಯ ಮುಖಕ್ಕೆ ನಿವಾಳಿಸುತ್ತ, "ನಾಯಿ ಕಣ್ಣು, ನರಿ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು" ಎನ್ನುತ್ತಿದ್ದಳು. ಕರ್ಪೂರದ ಒಂದು ಚೂರು ಉರಿಯುತ್ತಲೇ ಜಾರಿ ಫರಸಿಯ ಮೇಲೆ ಬಿತ್ತು. ನಾನು ಕೋಮಲಳ ಹೊಟ್ಟೆಯ ಮೇಲೆ ಅಡ್ಡ ಬಿದ್ದು ಅವಳ ಕಡೆಯ ಬಾಗಿಲಿನ ಹಿಡಿಕೆ ಹುಡುಕಿದೆ. ಸಿಗಲಿಲ್ಲ. ನನ್ನ ಗಂಟಲಿನಲ್ಲೂ ದನಿ ಇರಲಿಲ್ಲ. ಅಲ್ಲಿಂದ ಯಲ್ಲವ್ವ ಇಡಬೇಕಾದದ್ದು ಇನ್ನು ಎರಡೇ ಹೆಜ್ಜೆ, ಡಿಕ್ಕಿಯ ಕಡೆಗೆ.

ಶಮಶುದ್ದೀನ ಮೊದಲು ಹೆಗಲ ಮೇಲಿನ ಟವೆಲು ಕಿತ್ತು ದೂರ ಎಸೆದ. ಇವನಿಗೆ ತಲೆ ಕೆಟ್ಟಿತೇ ಎನಿಸಿತು. ಮರುಕ್ಷಣ ಬಿದ್ದ ಚೂರನ್ನು ಚಪ್ಪಲಿಯಿಂದ ತುಳಿದ. ಹಾಗೇ ಯಲ್ಲವ್ವನ ಕೈಯೊಳಗಿನ ಕಾಯಿಯನ್ನು ಎರಡೂ ಬರಿಗೈಯಿಂದ ಮೇಲಿನಿಂದ ಮುಚ್ಚಿಬಿಟ್ಟ. ಉರಿ ಬೆರಳುಗಳ ಸಂದಿಯಿಂದ ಒಮ್ಮೆ ಹೊರಗೆ ನಾಲಿಗೆ ಚಾಚಿತು. ಅವನು ಕೈ ತೆಗೆಯಲಿಲ್ಲ. ಕಾಯಿಯನ್ನು ಹೊಟ್ಟೆಗೆ ಅವಚಿಕೊಂಡು ಬಗ್ಗಿ, ಹಾಗೇ ಗಾಡಿಯಿಂದ ದೂರ ದೂರ ಸರಿದು ಗೋಡೆಗೆ ತಾಗಿ ಕೂತ.

ಬಸುರಿಯ ದೃಷ್ಟಿ ತೆಗೆಯುವ ಬೆಂಕಿಯನ್ನು ನಡುವೆ ಆರಿಸುವುದೆಂದರೆ ಎಂಥ ಅಪಶಕುನವೆಂದು ನಮ್ಮ ಹೆಂಗಸರಿಗೆ ಗೊತ್ತು. ಅದನ್ನು ಆರಿಸಿದವನು ಬಾಡಿಗೆಯ ಡ್ರೈವರ್, ಪರ ಊರಿನವನು, ಮುಸಲ್ಮಾನ. ಯಲ್ಲವ್ವನ ತುಟಿ ಬಿಳಿಚಿಕೊಂಡವು.

"ಏನ ಮಾಡಿದಿ ಇದ? ಏನ ಮಾಡಿದಿ ನನ್ನ ಸೊಸಿಗೆ?"

ಪ್ರೇಮಕುಮಾರ ಹಾರಿ ಹೋಗಿ ಅವನ ಕೊರಳಪಟ್ಟಿ ಹಿಡಿದು ಎತ್ತಿದ. ಓಣಿಯ ಗಂಡಸರು ಕೆಲವರು ಕಟ್ಟೆಯಿಂದ ಇಳಿದು ಬರುತ್ತಿದ್ದರು. ಶಮಶುದ್ದೀನ ಬಾಯಿ ಆಡಿಸುತ್ತಲೇ ಇದ್ದ. ಈಗಿನ ಕಾಲದಲ್ಲಿ ಇಂಥ ಒಂದು ಗಳಿಗೆ ಎಲ್ಲಿಗೆ ಹೋಗಿ ಮುಟ್ಟಬಹುದೆಂದು ಹೇಳಬೇಕಾಗಿಲ್ಲ. ಬೆಂಕಿಗೆ ಅಂಜಿದ್ದ ನಾನು ಈಗ ಜನಕ್ಕೆ ಅಂಜಿದೆ. ನನ್ನ ಕಡೆಯ ಬಾಗಿಲು ತೆಗೆದು ಇಳಿದು, "ಪ್ರೇಮು, ಬಿಡು, ಮೊದಲ ಕೋಮಲನ್ನ ಇಳಿಸು, ಪೆಟ್ರೋಲ್" ಎಂದೆ. ನನ್ನ ಮಾತು ಆ ಗದ್ದಲದಲ್ಲಿ ಯಾರಿಗೂ ಮುಟ್ಟಲಿಲ್ಲ.

ಕೋಮಲ ತಾನೇ ಬಾಗಿಲು ತೆಗೆದುಕೊಂಡು ಇಳಿದಳು. ಒಂದು ಕೈಯಲ್ಲಿ ಉಡಿ, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು, ಮೆಲ್ಲಗೆ ಗಾಡಿಯ ಹಿಂದಕ್ಕೆ ನಡೆದಳು. ನಿಂತಳು. ಕಾಲು ಎತ್ತಿ ತನ್ನ ಅಂಗಾಲು ನೋಡಿಕೊಂಡಳು. ಅದು ಒದ್ದೆಯಾಗಿತ್ತು.

"ಅತ್ತಿ" ಎಂದಳು. ದೊಡ್ಡ ದನಿಯಲ್ಲ. "ಇಲ್ಲಿ ಬರ್ರಿ. ಕಡ್ಡಿಪೆಟಗಿ ಅಲ್ಲೇ ಇಟ್ಟು ಬರ್ರಿ."

ಯಲ್ಲವ್ವ ಹೋದಳು. ಟಾಕಿಯ ಅಡಿಯಿಂದ ಬಿಳಿ ಗಂಜಿಯಂಥದು ಎಳೆ ಎಳೆಯಾಗಿ ಇಳಿಯುತ್ತಿತ್ತು. ಅದರ ಹಿಂದೆ ಪೆಟ್ರೋಲ್ ಸಣ್ಣ ದಾರವಾಗಿ ಸುರಿದು, ಫರಸಿಯ ಇಳಿಜಾರಿಗೆ ಹಿಂದಕ್ಕೆ ಹರಿದು, ಡಿಕ್ಕಿಯ ಅಡಿಯಲ್ಲೆಲ್ಲ ಹರಡಿ, ಹಿಂದೆ ಹೆಂಗಸರು ನಿಂತಿದ್ದ ಜಾಗದ ತನಕ ಮುಟ್ಟಿತ್ತು. ಅವಳು ಆ ಗಂಜಿಯನ್ನು ಬೆರಳಿನಿಂದ ಮುಟ್ಟಿ ಮೂಗಿಗೆ ಹಿಡಿದಳು. ಬೆಳಿಗ್ಗೆ ತಾನೇ ಮುರಿದು ಕೊಟ್ಟ ಸಬಕಾರ. ಪೆಟ್ರೋಲಿಗೆ ಕರಗದ ಸಬಕಾರ ಅದರೊಳಗಿನ ಸ್ಪಿರಿಟಿಗೆ ಹಗಲೆಲ್ಲ ಕರಗಿ ಗಂಜಿಯಾಗಿತ್ತು. ಅಯೂಬ ಬಾಯಿ ಬಿಟ್ಟು ಹೇಳಿದ್ದ ಮಾತೇ ಅದು. ಪೈಪಿನ ಮಾತೆಂದು ಕೇಳಿದ್ದೆವೇ ಹೊರತು ಸಬಕಾರದ ಮಾತೂ ಹೌದೆಂದು ಹೊಳೆದಿರಲಿಲ್ಲ.

ಯಲ್ಲವ್ವ ತನ್ನ ಕೈ ನೋಡಿದಳು, ಸೊಸೆಯ ಹೊಟ್ಟೆ ನೋಡಿದಳು, ತಾನು ಕಡ್ಡಿ ಗೀರಿದ ಜಾಗ ನೋಡಿದಳು. ನಾನು ಹೋಗಿ ಅವಳನ್ನು ಹಿಡಿದುಕೊಂಡೆ. ಇಬ್ಬರಲ್ಲಿ ಯಾರು ಯಾರನ್ನು ಹಿಡಿದಿದ್ದೆವೋ ಹೇಳಲಾರೆ.

ಆಮೇಲೆ ಎಲ್ಲರೂ ಒಮ್ಮೆಲೇ ಅಂಜಿದರು. ಹೆಂಗಸರು ಕೋಮಲಳನ್ನು ನಡುವೆ ಮಾಡಿಕೊಂಡು ಓಣಿಯ ತುದಿಗೆ ಕರೆದೊಯ್ದರು. ಅಡಿಗೆ ಮನೆಯ ಒಲೆಗೆ ನೀರು ಸುರಿದರು. ಗಂಡಸರು ಗಾಡಿಯನ್ನು ದೂಡಿ ಬಯಲಿಗೆ ಒಯ್ದು ನಿಲ್ಲಿಸಿ, ಅಂಗಳದ ತುಂಬ ಮಣ್ಣು ಹಾಕಿದರು. ಪ್ರೇಮಕುಮಾರ ತಾನು ಹಿಡಿದಿದ್ದ ಕೊರಳಪಟ್ಟಿಯನ್ನು ಸರಿ ಮಾಡಲು ನೋಡಿದ. ಅದರ ಗುಂಡಿ ಹರಿದಿತ್ತು. ಅವನೇ ಬಕೆಟ್ಟಿನಲ್ಲಿ ನೀರು ತಂದು ಶಮಶುದ್ದೀನನ ಕೈಗಳನ್ನು ಅದರಲ್ಲಿ ಮುಳುಗಿಸಿದ. ಅಂಗೈಗಳ ಚರ್ಮ ಎದ್ದಿತ್ತು.

"ಬರಿಗೈಲೆ ಯಾಕ ಹಿಡದ್ರಿ ಮಾಮಾ? ಟವೆಲ್ ಇತ್ತಲ್ಲ ಹೆಗಲಮ್ಯಾಲ" ಎಂದು ಪ್ರೇಮಕುಮಾರ ಕೇಳಿದ.

ಆಗ ಶಮಶುದ್ದೀನನ ದನಿ ತಿರುಗಿ ಬಂತು, ಸಣ್ಣದಾಗಿ. "ಮುಂಜಾನೆ ಅದರಲೆ ಪೆಟ್ರೋಲ್ ಒರಿಸಿದ್ದೆ. ಆರೈತೋ ಇಲ್ಲೋ ಅಂತ ಅಂಜಿಕಿ ಆತು."

ಯಾರೂ ನಗಲಿಲ್ಲ.

ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಪಕ್ಕದ ಮನೆಯವರು ತಮ್ಮ ಡೀಸೆಲ್ ಜೀಪು ತಂದರು, ಓಡಿಸುವವರೂ ಅವರೇ. ಕೋಮಲ ಅದರ ಹತ್ತಿರ ನಿಂತು ಹತ್ತಲೊಲ್ಲೆ ಎಂದಳು. ಹೋದ ಗಾಡಿಯಲ್ಲೇ ಬರಬೇಕೆಂಬ ಪದ್ಧತಿ ಅವಳಿಗೂ ಗೊತ್ತು. ಆದರೆ ಅಂಬಾಸಿಡರಿಗೆ ಅವಳನ್ನು ಹತ್ತಿಸುವ ಧೈರ್ಯ ಯಾರಿಗೂ ಇರಲಿಲ್ಲ.

"ಗಾಡಿ ಬ್ಯಾಡ" ಎಂದಳು. "ನನ್ನ ಇಲ್ಲಿಗೆ ತಂದು ಬಿಟ್ಟವರು ಶಮಶು ಮಾಮಾ. ಅವರು ಮುಂದ ಕುಂತ್ರ ನಾ ಹತ್ತತೇನಿ."

ಹಾಗೆ ಅವನನ್ನು ಮುಂದೆ ಕೂರಿಸಿದರು. ಪಟ್ಟಿ ಕಟ್ಟಿದ ಎರಡೂ ಕೈ ತೊಡೆಯ ಮೇಲೆ. ಜೀಪು ಹೊರಡುವ ಮೊದಲು ಇಳಿಯಲು ನೋಡಿದ, ಸುತ್ತು ಹಾಕಬೇಕೆಂದು. ಪ್ರೇಮಕುಮಾರ ಅವನನ್ನು ತಡೆದು, ತಾನೇ ಜೀಪಿನ ಸುತ್ತ ಮೂರು ಸಲ ತಿರುಗಿ, ಪ್ರತಿ ಸಲ ಬಗ್ಗಿ ಅಡಿಗೆ ನೋಡಿ ಬಂದ.

ಹೊರಡುವ ಹೊತ್ತಿಗೆ ಯಲ್ಲವ್ವ ಬಂದಳು. ಕೈಯಲ್ಲಿ ಅದೇ ತೆಂಗಿನಕಾಯಿ, ಜುಟ್ಟು ಸುಟ್ಟು ಕರಿದಾದದ್ದು. ಅವಳು ಕೋಮಲಳ ಕಡೆ ಹೋಗಲಿಲ್ಲ. ಮುಂದಿನ ಬಾಗಿಲಿಗೆ ಬಂದು ಶಮಶುದ್ದೀನನ ಎದುರಿಗೆ ನಿಂತಳು. ಅವನು ಕಾಯಿ ನೋಡಿ ಸೀಟಿಗೆ ಒತ್ತಿಕೊಂಡ.

"ಅವ್ವಾ, ಕರ್ಪೂರ ಹಚ್ಚಬ್ಯಾಡ್ರಿ ಮತ್ತ."

"ಹಚ್ಚೂದಿಲ್ಲೋ ಅಣ್ಣಾ" ಎಂದಳು ಯಲ್ಲವ್ವ. ಉರಿಯಿಲ್ಲದ ಆ ಕಾಯಿಯನ್ನು ಅವನ ಮುಖಕ್ಕೆ ಮೂರು ಸಲ ನಿವಾಳಿಸಿದಳು. ನಾಯಿ ಕಣ್ಣು, ನರಿ ಕಣ್ಣು ಎಂದಳು. ಮುಂದಿನ ಗಾಲಿಯ ಹತ್ತಿರ ಬಗ್ಗಿ, ಕಾಯಿ ಒಡೆದಳು.